ಮುರಿದ ರೊಟ್ಟಿಗಳ ಮಳೆಗಾಲ

ಹೋದ ತಿಂಗಳು ಚಿಂಚೋಳಿಯಿಂದ ಶಹಾಬಾದಿಗೆ ಹೊರಟವಳು ಬಸ್ಸು ಬದಲಿಸಲು ಸೇಡಂನಲ್ಲಿ ಇಳಿದೆ. ಜಿಟಿಜಿಟಿ ಮಳೆ. ನಿಲ್ದಾಣದ ಪಕ್ಕದ ಖಾನಾವಳಿಯ ಹಿಂದೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ಮೊದಲು ಆ ಸದ್ದು ಬಂತು, ಹಿಂದೆಯೇ ವಾಸನೆ. ಬಿಸಿ ರೊಟ್ಟಿಯ ವಾಸನೆ ಬೇರೆ, ಕಡಕ್ ಆಗಲೆಂದು ಒಲೆಯ ದಂಡೆಗೆ ಒರಗಿಸಿಟ್ಟ ರೊಟ್ಟಿಯ ವಾಸನೆ ಬೇರೆ. ಎರಡನೆಯದರಲ್ಲಿ ಸ್ವಲ್ಪ ಸೀದ ಘಾಟು ಇರುತ್ತದೆ. ನಾನೊಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್. ಜೊತೆಗಿದ್ದ ನಮ್ಮ ಅಡುಗೆಯಾಕೆ, “ಮೇಡಂ, ಎರಡು ಕಡಕ್ ರೊಟ್ಟಿ, ಜರಾ ಶೇಂಗಾ ಹಿಂಡಿ ತರ್ಲೇನ್ರಿ?” ಎಂದು ಕೇಳಿದಳು. ಬೇಡವೆಂದೆ. ನಾನು ಕಡಕ್ ರೊಟ್ಟಿ ತಿನ್ನುವುದಿಲ್ಲ. ಹಲ್ಲು ನೋವು ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ. ನಿಜ ಹೇಳಬೇಕೆಂದರೆ ನನ್ನ ಹಲ್ಲು ಕಲ್ಲಿನ ಹಾಗಿವೆ.

ಅದು ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷದ ಮಳೆಗಾಲ. ನಾವಿದ್ದದ್ದು ಶಹಾಬಾದಿನಲ್ಲಿ, ಭಂಕೂರದ ಕಡೆಗೆ ಹೋಗುವ ರಸ್ತೆಯ ಒಂದು ಓಣಿಯಲ್ಲಿ. ಅಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ಕಲ್ಲು ಎಬ್ಬಿಸುವ ಕೆಲಸಕ್ಕಿದ್ದ. ಆ ವರ್ಷ ಬೇಸಿಗೆ ಮುಗಿಯುವ ಮೊದಲೇ ಖಣಿಯ ಮಾಲೀಕರು ಕೆಲಸ ನಿಲ್ಲಿಸಿದರು. ಜನರೆಲ್ಲ ಈಗ ಟೈಲ್ಸ್ ಹಾಕಿಸುತ್ತಾರೆ, ನಮ್ಮ ಕಲ್ಲು ಯಾರಿಗೂ ಬೇಡ ಎಂದರು. ಮಳೆ ಹಿಡಿದು ಖಣಿಯ ತುಂಬ ನೀರು ನಿಂತ ಮೇಲೆ ಅಪ್ಪನಿಗೂ ಆಸೆ ಹೋಯಿತು. ಬೆಳಿಗ್ಗೆ ರೈಲು ಹಿಡಿದು ವಾಡಿಗೆ ಹೋಗಿ ಲಾರಿ ತುಂಬುವವರ ಸಾಲಿನಲ್ಲಿ ನಿಲ್ಲುತ್ತಿದ್ದ. ವಾರದಲ್ಲಿ ಎರಡು ದಿನ ಕೆಲಸ ಸಿಕ್ಕರೆ ಉಳಿದ ದಿನ ಬರಿಗೈ. ಬರಿಗೈಯಲ್ಲಿ ಬಂದ ದಿನ ಗೋಡೆಗೆ ಒರಗಿ ಕೂತ ಅವನನ್ನು ನಾವ್ಯಾರೂ ಮಾತಾಡಿಸುತ್ತಿರಲಿಲ್ಲ.

ಮನೆ ನಡೆಸುವುದು ಅವ್ವನ ಪಾಲಿಗೆ ಬಂತು. ಅವ್ವನ ಹೆಸರು ಶರಣಮ್ಮ. ಕಷ್ಟ ಎಂದು ಹೇಳಿಕೊಂಡು ಅಳುವ ಹೆಂಗಸಲ್ಲ, ಅವಳಿಗೆ ಅದೊಂದು ಹಟ. ಎಣ್ಣೆ ಬಾಟಲಿಯ ಮುಚ್ಚಳಕ್ಕೆ ಕಾದ ಮೊಳೆಯಿಂದ ಒಂದೇ ಒಂದು ತೂತು ಮಾಡಿದ್ದಳು, ಬಾಟಲಿಯನ್ನು ಬೋರಲು ಹಾಕಿದರೂ ಎಣ್ಣೆ ಹನಿಹನಿಯಾಗಿಯೇ ಬೀಳಬೇಕು. ಸಾಬೂನನ್ನು ದಾರದಿಂದ ಕೊಯ್ದು ಮೂರು ಮಾಡುತ್ತಿದ್ದಳು. ತೊಗರಿಯ ಸೀಮೆಯಲ್ಲಿದ್ದೂ ನಾವು ಇಡೀ ಬೇಳೆ ಕೊಳ್ಳುವುದನ್ನು ಬಿಟ್ಟೆವು. ದಾಲ್ ಮಿಲ್ಲಿನಿಂದ ಅಗ್ಗಕ್ಕೆ ಬರುವ ಬೇಳೆಯ ನುಚ್ಚನ್ನು ಮೊರದಲ್ಲಿ ಕೇರಿ ಬೇಯಿಸಿ, ಮೇಲಿನ ಕಟ್ಟಿನಲ್ಲಿ ಒಂದು ಹೊತ್ತಿನ ಸಾರು ಮಾಡುತ್ತಿದ್ದಳು. ಕೆಳಗುಳಿದದ್ದಕ್ಕೆ ಪುಂಡಿಸೊಪ್ಪು, ಜೋಳದ ನುಚ್ಚು ಸೇರಿಸಿದರೆ ಇನ್ನೊಂದು ಹೊತ್ತಿನ ಪಲ್ಯ. ಪುಂಡಿಸೊಪ್ಪೇ ಹುಳಿ, ಹುಣಸೆಹಣ್ಣಿನ ಖರ್ಚು ಉಳಿಯಿತು ಎಂದು ಗೆದ್ದವಳ ಹಾಗೆ ನಗುತ್ತಿದ್ದಳು. ಓಣಿಯಲ್ಲಿ ಅವಳ ಈ ಚಾಲಾಕಿಗೆ ಹೆಸರಿತ್ತು. “ನನ್ನ ಒಲಿ ಮುಂದಿಂದ ಇವತ್ತಿನ ತನಕ ಯಾರೂ ಹಸ್ಕೊಂಡು ಎದ್ದಿಲ್ಲ ನೋಡು” ಎಂದು ಕಂಡಕಂಡವರಿಗೆ ಹೇಳುವಳು. ಅವಳಿಗೆ ಬೇರೆ ಒಡವೆ ಇರಲಿಲ್ಲ, ಈ ಮಾತೇ ಒಡವೆ.

ತೊಡಕಾದದ್ದು ಜೋಳ. ನಮ್ಮ ಕಡೆ ರೊಟ್ಟಿ ಇಲ್ಲದೆ ಊಟವಿಲ್ಲ. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ ಮೇಲೂ ಅಪ್ಪ, “ಆತು, ಈಗ ಊಟಕ್ಕ ನೀಡು” ಎನ್ನುವ ಪೈಕಿ. ಜೋಳದ ದರ ಏರಿ ಕೂತಿತ್ತು, ಮನೆಯಲ್ಲಿದ್ದದ್ದು ರೇಶನ್ ಅಕ್ಕಿ. ಓಣಿಯಲ್ಲಿ ಕೆಲವರು ಅಕ್ಕಿ ಮಾರಿ ಜೋಳ ತರುತ್ತಿದ್ದರು. ಅವ್ವ ಮಾರಲಿಲ್ಲ. ಉಣ್ಣಲು ಕೊಟ್ಟದ್ದನ್ನು ಉಣ್ಣಬೇಕು ಎಂದು ಗಿರಣಿಗೆ ಒಯ್ದು ಜೋಳದ ಜೊತೆ ಬೀಸಿಸಿಕೊಂಡು ಬಂದಳು. ಮೊದಲು ಮೂರು ಪಾಲು ಜೋಳಕ್ಕೆ ಒಂದು ಪಾಲು ಅಕ್ಕಿ ಇದ್ದದ್ದು ಆಷಾಢ ಮುಗಿಯುವ ಹೊತ್ತಿಗೆ ಸಮಸಮ ಆಯಿತು. ಅಕ್ಕಿ ಬೆರೆತ ಹಿಟ್ಟಿಗೆ ಜಿಗಿ ಇರುವುದಿಲ್ಲ. ಬಡಿಯುವಾಗ ಅಂಚು ಸೀಳುತ್ತದೆ, ಆರಿದ ಮೇಲೆ ಪಟ್ಟನೆ ಮುರಿಯುತ್ತದೆ, ಬಣ್ಣವೂ ಬೆಳ್ಳಗೆ. ಅಪ್ಪ ಒಂದು ದಿನ ರೊಟ್ಟಿಯನ್ನು ಎತ್ತಿ ಹಿಡಿದು, “ಏನs, ಇಷ್ಟು ಬೆಳ್ಳಗ ಅವ?” ಎಂದ.

“ಹೊಸ ಜ್ವಾಳ ರೀ. ಬೆಳ್ಳಗ ಇರ್ತಾವ” ಎಂದಳು ಅವ್ವ.

ರೇಶನ್ ಅಕ್ಕಿಯ ರೊಟ್ಟಿ ಎಂದು ತಿಳಿದರೆ ಅಪ್ಪ ಇನ್ನಷ್ಟು ಕುಗ್ಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ನನ್ನ ಕಡೆ ತಿರುಗಿ ಕಣ್ಣು ಬಿಟ್ಟಳು. ನಾನು ಬಾಯಿ ಮುಚ್ಚಿಕೊಂಡು ಉಂಡೆ.

ಕೈಗೆ ನಾಲ್ಕು ಕಾಸು ಬರುತ್ತಿದ್ದದ್ದು ಶಾಂತಕ್ಕನ ರೊಟ್ಟಿ ಕೆಲಸದಿಂದ ಮಾತ್ರ. ಶಾಂತಕ್ಕ ಎರಡು ಓಣಿ ಆಚೆ ಇದ್ದಳು. ಮದುವೆ, ತೊಟ್ಟಿಲು, ಶ್ರಾವಣದ ಊಟ ಎಂದರೆ ಸುತ್ತಲಿನವರು ಕಡಕ್ ರೊಟ್ಟಿಗೆ ಅವಳಲ್ಲಿಗೇ ಬರುತ್ತಿದ್ದರು. ಅವಳು ಜೋಳದ ಹಿಟ್ಟು ತೂಗಿ ನಾಲ್ಕು ಮನೆಗೆ ಹಂಚುವಳು, ಆ ಹೆಂಗಸರು ತಮ್ಮ ತಮ್ಮ ಒಲೆಯಲ್ಲಿ ಬಡಿದು ಒಣಗಿಸಿ ಬುಟ್ಟಿಯಲ್ಲಿ ಕಳಿಸಬೇಕು. ರೊಟ್ಟಿಗೆ ಇಷ್ಟು ಎಂದು ಕೂಲಿ. ಗಂಡ ತೀರಿಕೊಂಡ ಹೆಂಗಸು, ಮಾತು ಒರಟು, ಆದರೆ ಕೂಲಿಯನ್ನು ಒಂದು ದಿನವೂ ತಡ ಮಾಡಿದವಳಲ್ಲ. ಅವಳಲ್ಲೊಂದು ಪದ್ಧತಿ ಇತ್ತು. ಮುರಿದ ರೊಟ್ಟಿ ಪಂಕ್ತಿಗೆ ಹೋಗಕೂಡದು, ಬೀಗರ ತಾಟಿಗೆ ತುಂಡು ರೊಟ್ಟಿ ಬಿದ್ದರೆ ಊಟ ಹಾಕಿದವರ ಮಾನ ಹೋಗುತ್ತದೆ. ಹಾಗಾಗಿ ಮುರಿದದ್ದಕ್ಕೆ ಕೂಲಿ ಇಲ್ಲ, ಆದರೆ ಆ ರೊಟ್ಟಿ ಬಡಿದವಳ ಮನೆಗೇ ವಾಪಸು. ಶಾಲೆ ಬಿಟ್ಟ ಮೇಲೆ ಅವ್ವ ತುಂಬಿಟ್ಟ ಬುಟ್ಟಿ ಹೊತ್ತುಕೊಂಡು ಹೋಗಿ, ಶಾಂತಕ್ಕನ ಹಿಂದಿನ ಕೋಣೆಯಲ್ಲಿ ಕೂತು ನಮ್ಮ ರೊಟ್ಟಿಗಳನ್ನು ಇಪ್ಪತ್ತೈದರ ಕಟ್ಟು ಮಾಡಿಡುವುದು ನನ್ನ ಕೆಲಸವಾಗಿತ್ತು.

ಈಗ ಹಸಿವಿನ ಮಾತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಬಿಟ್ಟರೆ ಹೇಳುವುದಕ್ಕೇ ಏನೂ ಉಳಿಯುವುದಿಲ್ಲ. ಮಧ್ಯಾಹ್ನಕ್ಕೆ ಶಾಲೆಯ ಬಿಸಿಯೂಟ ಇತ್ತು. ಸಂಜೆಯ ಊಟಕ್ಕೆ ಅಪ್ಪನಿಗೆ ಮೂರು ರೊಟ್ಟಿ, ನನಗೆ ಎರಡು, ಎಂಟು ವರ್ಷದ ತಂಗಿ ಗಂಗೂಗೆ ಒಂದೂವರೆ. ಅವ್ವ ಎಲ್ಲರದೂ ಆದ ಮೇಲೆ ಒಲೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು, ಎಷ್ಟು ತಿನ್ನುತ್ತಿದ್ದಳೋ ನಾವು ನೋಡಿದವರಲ್ಲ. “ಸಾಕೇನು?” ಎಂದು ಅವಳು ಕೇಳುವ ರೀತಿಯೇ ಹಾಗಿತ್ತು, ಸಾಕು ಎನ್ನದೆ ಬೇರೆ ಉತ್ತರ ಬಾಯಿಗೆ ಬರುತ್ತಿರಲಿಲ್ಲ. ಹದಿನೈದರ ಮೈ, ಎರಡು ತೆಳ್ಳನೆಯ ರೊಟ್ಟಿ ಯಾವ ಮೂಲೆಗೆ? ಬೆಳಿಗ್ಗೆ ಮೊದಲ ಪಿರಿಯಡ್ಡಿನಲ್ಲಿ ಹೊಟ್ಟೆ ಗುರ್ರೆನ್ನುವಾಗ ಪಕ್ಕದವಳಿಗೆ ಕೇಳಬಾರದೆಂದು ಬೆಂಚು ಎಳೆದು ಸದ್ದು ಮಾಡುತ್ತಿದ್ದೆ. ಹಸಿವಾಗುವುದೇ ಅವ್ವನಿಗೆ ಮಾಡುವ ದ್ರೋಹ ಎಂದು ನನಗೆ ಅನಿಸುತ್ತಿತ್ತು.

ಮೊದಲನೆಯ ರೊಟ್ಟಿ ತಾನಾಗಿಯೇ ಮುರಿಯಿತು. ಕಟ್ಟು ಕಟ್ಟುವಾಗ ಕೈ ಜಾರಿ ನೆಲಕ್ಕೆ ಬಿತ್ತು. ಶಾಂತಕ್ಕ ನೋಡಿ, “ಒಯ್ಯಿ ಮನಿಗೆ, ತಂಗಿಗೆ ಕೊಡು” ಎಂದಳು. ದಾರಿಯಲ್ಲಿ ಅರ್ಧ ತಿಂದೆ. ಬರೀ ಜೋಳದ ರೊಟ್ಟಿ, ಎಷ್ಟೋ ದಿನಗಳ ಮೇಲೆ. ಅಗಿದಷ್ಟೂ ಸಿಹಿ. ಮರುದಿನ ಎರಡನೆಯದನ್ನು ನಾನೇ ಮುರಿದೆ. ಕಡಕ್ ರೊಟ್ಟಿಯ ಅಂಚಿಗೆ ಹೆಬ್ಬೆರಳಿಟ್ಟು ಒಳಕ್ಕೆ ಒತ್ತಿದರೆ ನಡುವಿನ ತನಕ ನೆಟ್ಟಗೆ ಸೀಳುತ್ತದೆ, ಸದ್ದೂ ಇಲ್ಲ.

ಹೀಗೆ ದಿನಕ್ಕೆ ಒಂದು, ಆಮೇಲೆ ಎರಡು. ಶ್ರಾವಣ ಬರುವ ಹೊತ್ತಿಗೆ ಆರಕ್ಕೋ ಏಳಕ್ಕೋ ಹೋಯಿತು. ಒಂದನ್ನು ದಾರಿಯಲ್ಲಿ ನಾನು ಮುಗಿಸುತ್ತಿದ್ದೆ, ಉಳಿದವು ಮನೆಗೆ. ಗಂಗೂ ಬಾಗಿಲಲ್ಲೇ ನಿಂತು, “ಅಕ್ಕಾ, ಇವತ್ತು ಎಷ್ಟು ಮುರದಾವ?” ಎಂದು ಹಬ್ಬದ ಸುದ್ದಿ ಕೇಳುವವಳ ಹಾಗೆ ಕೇಳುವಳು. ಸಾರಿನಲ್ಲಿ ತುಂಡು ನೆನೆಸಿಕೊಂಡು ಅಪ್ಪನೂ ತಿನ್ನುತ್ತಿದ್ದ. ಮುಖ ಬಾಡಿದ್ದದ್ದು ಅವ್ವನದು ಮಾತ್ರ. ಮುರಿದಷ್ಟಕ್ಕೆ ಕೂಲಿ ಹೋಯಿತು ಎನ್ನುವುದಕ್ಕಿಂತ ತನ್ನ ಕೈ ಕೆಟ್ಟಿತು ಎನ್ನುವುದೇ ಅವಳನ್ನು ತಿನ್ನುತ್ತಿತ್ತು. ಹಿಟ್ಟಿಗೆ ಹಾಕುವ ನೀರನ್ನು ಇನ್ನೂ ಕುದಿಸಿದಳು, ಆ ಬಿಸಿಯಲ್ಲೇ ಕೈಯಿಟ್ಟು ನಾದಿದಳು, ಬೆರಳ ತುದಿಗಳು ಕೆಂಪಗೆ ಊದಿಕೊಂಡವು. ಕೊನೆಗೆ ಪಕ್ಕದ ಮನೆಯ ಖೈರುನ್‌ಬಿಯನ್ನು ಕರೆದಳು. ಅವಳೂ ಶಾಂತಕ್ಕನಿಗೆ ರೊಟ್ಟಿ ಬಡಿಯುವವಳೇ. ಖೈರುನ್‌ಬಿ ಹಿಟ್ಟು ಮುಟ್ಟಿ, ಹಂಚು ನೋಡಿ, “ಹಿಟ್ಟು ಛಲೋ ಅದ, ಕೈ ಛಲೋ ಅದ. ಯಾರದರ ನದರು ಬಿದ್ದದ ಶರಣಮ್ಮ, ತೆಗಿ” ಎಂದಳು. ದೃಷ್ಟಿ ತೆಗೆಯಲು ಐದು ಒಣಮೆಣಸಿನಕಾಯಿ ಬೇಕು. ಅವ್ವ ಡಬ್ಬಿ ನೋಡಿ ಎರಡರಲ್ಲಿ ಮುಗಿಸಿದಳು. ನಾನು ಅಲ್ಲೇ ನಿಂತು ಆ ಹೊಗೆ ಕುಡಿದು ಕೆಮ್ಮಿದೆ. ಆಗಲೂ ಹೇಳಲಿಲ್ಲ. ಮರುದಿನ ಒಂದು ಕಡಿಮೆ ಮುರಿದೆ, ಅಷ್ಟೇ ನನ್ನ ಪಶ್ಚಾತ್ತಾಪ.

ಶ್ರಾವಣದ ಮೂರನೆಯ ಸೋಮವಾರಕ್ಕೆ ತೆಂಗಳಿಯ ಒಂದು ಮನೆಯಿಂದ ಶಾಂತಕ್ಕನಿಗೆ ದೊಡ್ಡ ಊಟದ ರೊಟ್ಟಿಯ ಕೆಲಸ ಬಂತು. ನಾಲ್ಕೂ ಮನೆಯವರು ಮೂರು ದಿನ ಒಲೆ ಆರಿಸಲಿಲ್ಲ. ಅಷ್ಟು ರೊಟ್ಟಿಗಳ ರಾಶಿ ಕಣ್ಣೆದುರು ಬಿದ್ದದ್ದನ್ನು ನೋಡಿ ನನಗೆ ಧೈರ್ಯ ಹೆಚ್ಚಿತು. ಅಷ್ಟರಲ್ಲಿ ಯಾರಿಗೆ ತಿಳಿಯುತ್ತದೆ ಎಂದು ಒಂದು ಕಟ್ಟಿನಷ್ಟನ್ನು ಮುರಿದೆ. ತೆಂಗಳಿಯಲ್ಲಿ ಕೊನೆಯ ಪಂಕ್ತಿಗೆ ರೊಟ್ಟಿ ಸಾಲದೆ ಬಂದು, ನಾಲ್ಕು ಜನರ ನಡುವೆ ಶಾಂತಕ್ಕ ಮಾತು ಕೇಳಬೇಕಾಯಿತು.

ಮರುದಿನ ಸಂಜೆ ಅವಳೇ ನಮ್ಮ ಮನೆಗೆ ಬಂದಳು. ಮಳೆ ಹನಿಯುತ್ತಿತ್ತು, ಅಪ್ಪನೂ ಮನೆಯಲ್ಲಿದ್ದ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ಶರಣಮ್ಮ, ಮಳಿಗಾಲದಾಗ ಕಡಕ್ ರೊಟ್ಟಿ ಮೆತ್ತಗ ಆಗ್ತಾವ. ಉಳದ ಮೂರು ಮನಿವು ಹಂಗೇ ಆಗ್ಯಾವ. ನಿನ್ನವಷ್ಟೇ ಯಾಕ ಪಟಪಟ ಮುರೀಲಿಕತ್ತಾವ?”

“ನಂಗೂ ತಿಳಿವಲ್ದು ಅಕ್ಕ. ನೀರು ಭಾಳ ಕಾಸಿ ನೋಡಿದೆ, ಭಾಳ ನಾದಿ ನೋಡಿದೆ…”

ಶಾಂತಕ್ಕ ಒಲೆಯ ಹತ್ತಿರ ಹೋಗಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು. ಚಿಟಿಕೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನಾಲಿಗೆಗೆ ಇಟ್ಟುಕೊಂಡಳು. ಹಿಟ್ಟಿನಲ್ಲೇ ಬಾಳಿದ ಹೆಂಗಸು, ಅವಳಿಗೆ ಅಷ್ಟು ಸಾಕಿತ್ತು.

“ಇದಕ್ಕ ಅಕ್ಕಿ ಬೆರಸೀದಿ.”

“ಅದು ನಮ್ಮ ಮನಿ ಹಿಟ್ಟು ಅಕ್ಕ. ನಿಮ್ಮದು ಬ್ಯಾರೆ ಚೀಲದಾಗ ಇಟ್ಟಿರ್ತೀನಿ” ಎಂದಳು ಅವ್ವ.

ಗೋಡೆಗೆ ಒರಗಿದ್ದ ಅಪ್ಪ ಎದ್ದು ನಿಂತ. “ಏ, ನಮ್ಮನಿಯಾಗ ರೇಶನ್ ಅಕ್ಕಿ ರೊಟ್ಟಿ ಯಾರೂ ತಿನ್ನಂಗಿಲ್ಲ. ನಾವು ಅಷ್ಟು ಕೆಟ್ಟಿಲ್ಲ. ಬರೇ ಜ್ವಾಳ ತಿಂತೀವಿ. ಬೇಕಾದ್ರ ಆಕಿನ್ನೇ ಕೇಳ್ರಿ.”

ಅಪ್ಪ ಸುಳ್ಳು ಹೇಳಲಿಲ್ಲ, ತನಗೆ ತಿಳಿದದ್ದನ್ನೇ ಹೇಳಿದ. ಶಾಂತಕ್ಕ ಅವನನ್ನೂ ಅವ್ವನನ್ನೂ ಒಮ್ಮೆ ನೋಡಿದಳು.

“ನೀವು ಬರೇ ಜ್ವಾಳ ತಿಂದ್ರ ಈ ಬೆರಕಿ ಹಿಟ್ಟು ಯಾರಿಗೆ? ನನ್ನ ಜ್ವಾಳ ನಿಮ್ಮ ಹೊಟ್ಟಿಗೆ, ಈ ಅಕ್ಕಿ ನನ್ನ ರೊಟ್ಟಿಗೆ. ಅಲ್ಲೇನು?”

ಅವ್ವ ಒಂದು ಮಾತು ಆಡಿದ್ದರೆ ಸಾಕಿತ್ತು, ಇವರಿಗೆ ಗೊತ್ತಿಲ್ಲ, ನಾವು ತಿನ್ನುವುದೇ ಬೆರಕೆ ರೊಟ್ಟಿ ಎಂದು. ಗಂಡನ ಮುಖ ನೋಡಿ ಆ ಮಾತನ್ನು ನುಂಗಿದಳು. “ಇಲ್ಲ ಅಕ್ಕ” ಎಂದಷ್ಟೇ ಎಂದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ನನ್ನ ಬೆನ್ನಿಗೆ ಅಂಟಿಕೊಂಡು ಗಂಗೂ ತೆಂಗಳಿಯ ರೊಟ್ಟಿಯ ತುಂಡನ್ನು ಕಟುಂ ಕಟುಂ ಎಂದು ಅಗಿಯುತ್ತಿದ್ದಳು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

“ನಾಳಿಂದ ಬುಟ್ಟಿ ಕಳಿಸಬ್ಯಾಡ” ಎಂದು ಹೇಳಿ ಶಾಂತಕ್ಕ ಮಳೆಯಲ್ಲೇ ಹೋದಳು.

ಆಮೇಲೆ ಅಪ್ಪ ಡಬ್ಬಿಯ ಹತ್ತಿರ ಬಂದು ಹಿಟ್ಟು ಮುಟ್ಟಿ ನೋಡಿದ. “ಖರೇನೇ?” ಎಂದು ಕೇಳಿದ. ಅವ್ವ ತಲೆಯಾಡಿಸಿದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಬೆಳಿಗ್ಗೆ ನಾನೆದ್ದಾಗ ಅವ್ವ ಶಾಂತಕ್ಕನ ಬುಟ್ಟಿಯನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ತನ್ನನ್ನು ಕಳ್ಳಿ ಎಂದವಳ ಬುಟ್ಟಿಯನ್ನು ಅಷ್ಟು ಚೆನ್ನಾಗಿ ತೊಳೆದು ಕೊಡುವ ಅಗತ್ಯವೇನಿತ್ತು? ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಶಾಲೆಗೆಂದು ಹೊರಟು ನೆಟ್ಟಗೆ ಶಾಂತಕ್ಕನ ಮನೆಗೆ ಹೋದೆ. ಉಳಿದ ಮೂವರು ಹೆಂಗಸರು ಹಿಟ್ಟು ತೂಗಿಸಿಕೊಳ್ಳುತ್ತಿದ್ದರು, ಖೈರುನ್‌ಬಿಯೂ ಇದ್ದಳು. ಅವರೆಲ್ಲರ ಎದುರಿಗೇ ಹೇಳಿಬಿಟ್ಟೆ.

“ಅಕ್ಕ, ಅವ್ವಂದೇನೂ ತಪ್ಪಿಲ್ರಿ. ರೊಟ್ಟಿ ನಾನೇ ಮುರದೀನಿ. ಮನಿಗೆ ಒಯ್ಲಿಕ್ಕೆ ಸಿಗ್ತಾವಂತ.”

“ಯಾರು ಹೇಳಿ ಕಳಿಸ್ಯಾರ ನಿನಗ?”

“ಯಾರೂ ಇಲ್ರಿ.”

ಶಾಂತಕ್ಕ ಒಂದು ರೊಟ್ಟಿ ತೆಗೆದು ನನ್ನ ಕೈಗಿಟ್ಟಳು. “ಮುರಿ, ನೋಡೂಣು.”

ಹೆಬ್ಬೆರಳಿಟ್ಟು ಒತ್ತಿದೆ. ಸೀಳಿತು. ಅವಳು ಎರಡೂ ತುಂಡುಗಳನ್ನು ಜೋಡಿಸಿ ಹಿಡಿದು ಬೆಳಕಿಗೆ ನೋಡಿದಳು. “ಇಷ್ಟು ದಿನ ಹಿಂಗೇ ಮುರದಿದ್ವು” ಎಂದು ತನಗೇ ಎಂಬಂತೆ ಹೇಳಿಕೊಂಡಳು. ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಅವ್ವ ಕಂಡಳು. ತೊಳೆದ ಬುಟ್ಟಿ ಸೊಂಟದ ಮೇಲಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಒಳಗೆ ಬಂದು ಬುಟ್ಟಿ ಇಳಿಸಿದಳು. “ಆಕಿ ಮಾತು ಕೇಳಬ್ಯಾಡ ಅಕ್ಕ. ಅವ್ವನ ಸಲುವಾಗಿ ಸುಳ್ಳು ಹೇಳ್ಲಿಕತ್ತಾಳ. ಹಿಟ್ಟು ನಾನೇ ಬೆರಸೀನಿ.”

“ತೋಬಾ! ಏನು ಮಾತಾಡ್ಲಿಕತ್ತೀ ಶರಣಮ್ಮ?” ಎಂದು ಖೈರುನ್‌ಬಿ ಎದ್ದೇಬಿಟ್ಟಳು.

“ಖರೇ ಹೇಳ್ಲಿಕತ್ತೀನಿ. ನಾನೇ ಮಾಡೀನಿ.”

ಶಾಂತಕ್ಕನ ಕೈಯಲ್ಲಿ ಆ ತುಂಡುಗಳು ಇನ್ನೂ ಇದ್ದವು. ಅವಳಿಗೆ ತಿಳಿದಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಆದರೆ ನಾಲ್ಕು ಜನರ ಎದುರು ನಾನೇ ಕದ್ದೆ ಎಂದು ನಿಂತವಳಿಗೆ ಮತ್ತೆ ಹಿಟ್ಟು ತೂಗಿ ಕೊಡುವುದು ಹೇಗೆ? ಉಳಿದ ಕೂಲಿ ತಂದು ಮುಂದಿಟ್ಟು, “ಹೋಗು ಶರಣಮ್ಮ” ಎಂದಳು. ಅವ್ವ ಆ ಕೂಲಿಯನ್ನು ಬಿಟ್ಟು ಬರಲಿಲ್ಲ, ಎತ್ತಿ ಸೆರಗಿಗೆ ಕಟ್ಟಿಕೊಂಡಳು.

ದಾರಿಯಲ್ಲಿ ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು. “ನಿನಗ ಬುದ್ಧಿ ಅದೇನು? ನಾಕು ಹೆಣ್ಮಕ್ಕಳ ಮುಂದ ಹೇಳ್ತಾರೇನು ಅದನ್ನ? ನಾಳೆ ನಿನ್ನ ಕೇಳ್ಲಿಕ್ಕೆ ಬಂದವರಿಗೆ ಈ ಓಣಿ ಏನು ಹೇಳ್ತದ, ಗೊತ್ತದೇನು? ನನಗ ಅಂದ್ರ ಅನ್ನಲಿ. ನಂದೇನು, ಲಗ್ನ ಆಗಿ ಹೋಗ್ಯಾದ.”

ಬೇರೆ ದಿನವಾಗಿದ್ದರೆ ಆ ಮಾತಿಗೆ ಇಬ್ಬರೂ ನಗುತ್ತಿದ್ದೆವು. ರೈಲ್ವೆ ಗೇಟು ಹಾಕಿತ್ತು. ವಾಡಿಯ ಕಡೆಯಿಂದ ಗೂಡ್ಸ್ ಗಾಡಿ ಬರುತ್ತಿತ್ತು, ಮುಗಿಯದಷ್ಟು ಉದ್ದ. ಅದು ದಾಟಿ ಹೋಯಿತು. ಗೇಟು ಎತ್ತಿದ ಮೇಲೂ ಅವ್ವ ನಡೆಯದೆ ಅಲ್ಲೇ ನಿಂತಳು. ನನ್ನ ರಟ್ಟೆಯನ್ನು ಬಿಟ್ಟಿದ್ದಳು.

“ಸುವರ್ಣ, ನಾ ನೀಡಿದ್ದು ನಿನಗ ಸಾಲ್ತಿರಲಿಲ್ಲೇನು?”

ಕದ್ದೆಯಲ್ಲೇ ಎಂದು ಬಡಿದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೆಲಸ ಹೋದಾಗ, ಕಳ್ಳಿ ಎನಿಸಿಕೊಂಡಾಗ ಬಾರದ ನೀರು ಅವಳ ಕಣ್ಣಿಗೆ ಆಗ ಬಂದಿತ್ತು.

“ಸಾಲ್ತಿತ್ತವ್ವ.”

“ಮತ್ಯಾಕ?”

“ಸುಮ್ಮನs. ಬಾಯಿ ರುಚಿಗೆ.”

ಅವಳು ನಂಬಲಿಲ್ಲ. ನನ್ನ ಮುಖವನ್ನು ನೋಡುತ್ತ ನಿಂತು, ಸೆರಗಿನಿಂದ ಮೂಗು ಒರೆಸಿಕೊಂಡು, “ಹೋಗು, ಸಾಲಿಗೆ ತಡ ಆಗ್ತದ” ಎಂದಳು.

ಮುಂದಿನ ವಾರದಿಂದ ಅವ್ವ ದಾಲ್ ಮಿಲ್ಲಿನಲ್ಲಿ ಹೊಟ್ಟು ಗುಡಿಸುವ ಕೆಲಸಕ್ಕೆ ಹೋದಳು. ಆ ಧೂಳು ಅವಳ ಎದೆಗೆ ಕೂತದ್ದು ಇನ್ನೂ ಎದ್ದಿಲ್ಲ, ಈಗ ಶಹಾಬಾದಿಗೆ ನಾನು ಹೋಗಿಬರುವುದೂ ಅವಳ ಔಷಧಿಯ ಸಲುವಾಗಿಯೇ. ಅಪ್ಪ ಬೆಳ್ಳನೆಯ ರೊಟ್ಟಿಯನ್ನು ಮಾತಿಲ್ಲದೆ ತಿನ್ನುವುದನ್ನು ಕಲಿತ. “ನನ್ನ ಒಲಿ ಮುಂದಿಂದ” ಎಂದು ಶುರುವಾಗುತ್ತಿದ್ದ ಆ ಮಾತನ್ನು ಅವ್ವ ಮತ್ತೆ ಯಾರ ಎದುರೂ ಆಡಿದ್ದನ್ನು ನಾನು ಕೇಳಲಿಲ್ಲ.

ರೈಲ್ವೆ ಗೇಟಿನ ಹತ್ತಿರ ನಿಂತ ಆ ದಿನವೇ ಸಂಜೆ ಊಟಕ್ಕೆ ಕೂತಾಗ ನನ್ನ ತಾಟಿಗೆ ಮೂರನೆಯ ರೊಟ್ಟಿ ಬಿತ್ತು. ಡಬ್ಬಿಯಲ್ಲಿದ್ದ ಹಿಟ್ಟು ಹೆಚ್ಚಾಗಿರಲಿಲ್ಲ, ಉಣ್ಣುವವರು ಕಡಿಮೆಯಾಗಿರಲಿಲ್ಲ. ಅಪ್ಪನ ತಾಟಿನಲ್ಲಿ ಮೂರಿದ್ದವು, ಗಂಗೂನ ತಾಟಿನಲ್ಲಿ ಒಂದೂವರೆ. ಇದು ಯಾರ ಪಾಲಿನದೆಂದು ಕೇಳುವ ಅಗತ್ಯವೇ ಇರಲಿಲ್ಲ.

“ಸಾಕವ್ವ” ಎಂದೆ.

“ತಿನ್ನು” ಎಂದಳು, ಒಲೆಯ ಕಡೆ ತಿರುಗಿಕೊಂಡು.

ಬೇಡವೆಂದು ತಾಟು ಸರಿಸಿ ಎದ್ದು ಹೋಗಬಹುದಿತ್ತು. ನನಗೆ ಹಸಿವಾಗಿತ್ತು. ತಿಂದೆ.